ಎರವಲು ಮಾತಿನ ನಗು

ಐವತ್ತು ದಾಟಿದ ಅಪ್ಪನೊಬ್ಬ ಊಟಕ್ಕೆ ಕೂತು, ಎರಡು ತುತ್ತು ನುಂಗಿ, 'ನೋ ಕ್ಯಾಪ್, ಇವತ್ತಿನ ಹುಳಿ ಫೈರ್' ಅನ್ನುತ್ತಾನೆ. ಕಾಲೇಜಿಗೆ ಹೋಗುವ ಮಗಳು 'ಅಪ್ಪಾ, ಪ್ಲೀಸ್, ಇನ್ನೊಂದ್ಸಲ ಹಾಗನ್ಬೇಡ' ಅಂತ ಮುಖ ಮುಚ್ಚಿಕೊಳ್ಳುತ್ತಾಳೆ. ಅರ್ಥವಾಗದಿದ್ದರೂ ಅಮ್ಮನಿಗೆ ನಗು ತಡೆಯುವುದಿಲ್ಲ. ಬೆಂಗಳೂರಿನಲ್ಲೂ ನ್ಯೂಜೆರ್ಸಿಯಲ್ಲೂ ಈಗ ಎಷ್ಟೋ ಕನ್ನಡದ ಮನೆಗಳಲ್ಲಿ ಇಂಥ ಮಾತು ಕೇಳುತ್ತದೆ. 'ಕ್ಯಾಪ್' ಅಂದರೆ ಸುಳ್ಳು, ಬಡಾಯಿ. 'ನೋ ಕ್ಯಾಪ್' ಅಂದರೆ ದೇವರಾಣೆ ನಿಜ. ಅಮೆರಿಕದ ಅಟ್ಲಾಂಟಾ ನಗರದ ರ‍್ಯಾಪರ್‌ಗಳಾದ ಫ್ಯೂಚರ್ ಮತ್ತು ಯಂಗ್ ಥಗ್ 2017ರಲ್ಲಿ ಇದೇ ಹೆಸರಿನ ಹಾಡು ಮಾಡಿದರು. ಅಲ್ಲಿನ ಕಪ್ಪು ಜನರ ಬೀದಿಮಾತು ಹಾಡಿನಿಂದ ಫೋನಿಗೆ, ಫೋನಿನಿಂದ ಹುಳಿಯ ಬಟ್ಟಲಿನವರೆಗೆ ಬಂದಿದೆ.

ನಗು ಬಂದದ್ದು ಆ ಪದಕ್ಕಲ್ಲ. ಮಗಳ ಗೆಳತಿಯರು ದಿನವಿಡೀ ಅದನ್ನೇ ಆಡುತ್ತಾರೆ, ಯಾರೂ ನಗುವುದಿಲ್ಲ. ಅಪ್ಪನ ಬಾಯಲ್ಲಿ ಬಂತಲ್ಲ, ಅದಕ್ಕೆ ನಗು. ಆಡಿದ ಮಾತಿಗೂ ಆಡಿದವನಿಗೂ ಹೊಂದಿಕೆಯಾಗದಿದ್ದಾಗ ಈ ಹಾಸ್ಯ ಹುಟ್ಟುತ್ತದೆ. ಆದರೆ ಆ ನಗುವಿಗೆ ಗುರಿಯಾದವರು ಯಾರು ಎಂಬುದು ಪ್ರತಿಸಲವೂ ಬೇರೆ. ಅಪ್ಪ ತನ್ನ ವಯಸ್ಸನ್ನೇ ನಗೆಗೀಡು ಮಾಡಿಕೊಂಡಿರಬಹುದು. ಅಥವಾ ಆ ಮಾತನ್ನು ಕಟ್ಟಿದ ಜನರೇ ನಗೆಗೀಡಾಗುತ್ತಿರಬಹುದು. ದೂರದಿಂದ ಎರಡೂ ಒಂದೇ ಥರ ಕೇಳಿಸುತ್ತವೆ. ಆ ವ್ಯತ್ಯಾಸ ತಿಳಿದು ಮಾತಾಡುವುದು ಮುಖ್ಯ ಎಂದು ನಾನು ಬಲವಾಗಿ ನಂಬಿದ್ದೇನೆ. ಯಾಕೆಂದರೆ ನಮಗೆ ತಮಾಷೆಯಾದ ಅದೇ ಮಾತಿಗೆ ಇನ್ನೊಬ್ಬರು ಬೆಲೆ ತೆರುತ್ತಿದ್ದಾರೆ.

1980ರಲ್ಲಿ ಬಂದ 'ಏರ್‌ಪ್ಲೇನ್!' ಎಂಬ ಹಾಸ್ಯಚಿತ್ರದ ಒಂದು ದೃಶ್ಯದಿಂದ ಶುರು ಮಾಡೋಣ. ವಿಮಾನದಲ್ಲಿ ಇಬ್ಬರು ಕಪ್ಪು ಪ್ರಯಾಣಿಕರು ತಮ್ಮತಮ್ಮಲ್ಲೇ 'ಜೈವ್' ಎಂಬ ಆಡುಮಾತಿನಲ್ಲಿ ಮಾತಾಡುತ್ತಿದ್ದಾರೆ. ಪರದೆಯ ಕೆಳಗೆ ಅದರ ಅನುವಾದ ಶಿಷ್ಟ ಇಂಗ್ಲಿಷಿನಲ್ಲಿ ಬರುತ್ತಿದೆ. ಒಬ್ಬನಿಗೆ ಹೊಟ್ಟೆನೋವು, ಗಗನಸಖಿಗೆ ಅವನ ಮಾತು ತಿಳಿಯುತ್ತಿಲ್ಲ. ಆಗ ಅಚ್ಚುಕಟ್ಟಾದ ಉಡುಪಿನ ಬಿಳಿಯ ಮುದುಕಿಯೊಬ್ಬಳು ಎದ್ದು ಬಂದು, ತನಗೆ ಜೈವ್ ಬರುತ್ತದೆ ಎಂದು ಹೇಳಿ, ನಿರರ್ಗಳವಾಗಿ ಮಾತಿಗಿಳಿಯುತ್ತಾಳೆ. ಆ ಪಾತ್ರ ಮಾಡಿದ ಬಾರ್ಬರಾ ಬಿಲಿಂಗ್ಸ್ಲಿ 1957ರಿಂದ 1963ರವರೆಗೆ 'ಲೀವ್ ಇಟ್ ಟು ಬೀವರ್' ಎಂಬ ಟಿ.ವಿ. ಧಾರಾವಾಹಿಯಲ್ಲಿ ಆದರ್ಶ ಗೃಹಿಣಿಯಾಗಿ ಮನೆಮನೆಗೆ ಪರಿಚಿತರಾದವರು. ಆ ತಾಯಿಯ ಬಾಯಲ್ಲಿ ಹಾರ್ಲೆಮ್‌ನ ಬೀದಿಮಾತು ಕೇಳಿ ಚಿತ್ರಮಂದಿರ ಬಿದ್ದುಬಿದ್ದು ನಕ್ಕಿತು.

ಪರದೆಯ ಹಿಂದೆ ನಡೆದದ್ದು ಇನ್ನೂ ಮುಖ್ಯ. ಚಿತ್ರಕಥೆ ಬರೆದ ಮೂವರೂ ಬಿಳಿಯರು. ಅವರಿಗೆ ಜೈವ್ ಬರುತ್ತಿರಲಿಲ್ಲ. ಅವರು ಗೀಚಿಕೊಟ್ಟದ್ದನ್ನು ಬದಿಗಿಟ್ಟು, ಆ ಇಬ್ಬರು ಪ್ರಯಾಣಿಕರ ಪಾತ್ರ ಮಾಡಿದ ನಾರ್ಮನ್ ಗಿಬ್ಸ್ ಮತ್ತು ಆಲ್ ವೈಟ್ ಸಂಭಾಷಣೆಯನ್ನು ತಾವೇ ಕಟ್ಟಿದರು. ಬಿಲಿಂಗ್ಸ್ಲಿಗೆ ಪಾಠ ಹೇಳಿಕೊಟ್ಟವರೂ ಅವರೇ. ಇಷ್ಟು ವರ್ಷಗಳ ಮೇಲೂ ಆ ದೃಶ್ಯ ಹಳಸದಿರಲು ಇದೇ ಕಾರಣ ಎಂದು ನನಗನ್ನಿಸುತ್ತದೆ. ಮಾತು ಯಾರದೋ ಅವರೇ ಅದನ್ನು ಹೆಣೆದಿದ್ದರು. ಪಕ್ಕದ ಸೀಟಿನಲ್ಲಿ ಕೂತವನ ಭಾಷೆ ತಿಳಿಯದೆ ಬಾಳುತ್ತಿದ್ದ ಬಿಳಿಯ ಅಮೆರಿಕವೇ ಅಲ್ಲಿ ನಗೆಗೀಡಾಯಿತು.

ಜೈವ್ ಇರಲಿ, ಇಂದಿನ ಹಿಪ್‌ಹಾಪ್ ಮಾತಿರಲಿ, ಅದನ್ನು ತಮಾಷೆಗೆ ಬಳಸುವ ಬಹುಪಾಲು ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಆ ಮಾತಿನೊಳಗೆ ಮೊದಲೇ ತಮಾಷೆ ತುಂಬಿದೆ. ಹೊರಗಿನವರು ಬಂದು ಅದಕ್ಕೆ ನಗು ಸೇರಿಸಬೇಕಾಗಿಲ್ಲ.

1960ರ ದಶಕದಲ್ಲಿ ವಿಲಿಯಂ ಲಬೋವ್ ಎಂಬ ಭಾಷಾವಿಜ್ಞಾನಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಹುಡುಗರ ಮಾತನ್ನು ಧ್ವನಿಮುದ್ರಿಸಿಕೊಂಡರು. ಆ ಹುಡುಗರು 'ಡಜನ್ಸ್' ಎಂಬ ಆಟ ಆಡುತ್ತಿದ್ದರು. ಎದುರಾಳಿಯನ್ನು, ವಿಶೇಷವಾಗಿ ಅವನ ತಾಯಿಯನ್ನು, ಜನ ಸೇರಿದ ಕಡೆ ಮಾತಿನಲ್ಲೇ ಹೀಯಾಳಿಸುವ ಆಟ. 'ನಿಮ್ಮಮ್ಮ ಎಷ್ಟು ಎತ್ತರ ಅಂದ್ರೆ ವಿಮಾನದೋರು ಅವಳ ತುರುಬು ನೋಡ್ಕೊಂಡೇ ದಾರಿ ಹಿಡೀತಾರೆ' ಎಂಬ ಧಾಟಿಯ ಮಾತುಗಳು. ಕೇಳುವವರು ಕೇಕೆ ಹಾಕುತ್ತಾರೆ, ಎದುರಾಳಿ ಅದಕ್ಕಿಂತ ದೊಡ್ಡದನ್ನು ತಿರುಗಿಸಿ ಹೊಡೆಯಬೇಕು. ಬಾಯಿ ಕಟ್ಟಿದವನು ಸೋತ, ಕೋಪಿಸಿಕೊಂಡವನೂ ಸೋತ. 1972ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಲಬೋವ್ ಈ ಆಟದ ಒಂದು ಸೂಕ್ಷ್ಮ ನಿಯಮವನ್ನು ಬಿಡಿಸಿಟ್ಟರು. ಬೈಗುಳ ಎಲ್ಲರಿಗೂ ಸುಳ್ಳೆಂದು ಗೊತ್ತಾಗುವಷ್ಟು ಉತ್ಪ್ರೇಕ್ಷೆಯದಾಗಿರಬೇಕು. ತಾಯಿ ನಿಜಕ್ಕೂ ಬಡವಳಾಗಿದ್ದರೆ, ಕುಡುಕಿಯಾಗಿದ್ದರೆ, ಅದನ್ನು ಎತ್ತಿ ಆಡಿದ ಕೂಡಲೇ ಆಟ ಒಡೆಯುತ್ತದೆ. ಎದುರಾಳಿ ಚತುರ ಉತ್ತರ ಕೊಡುವುದನ್ನು ಬಿಟ್ಟು, 'ಹಾಗೇನಿಲ್ಲ' ಎಂದು ನಿರಾಕರಿಸಲು ತೊಡಗುತ್ತಾನೆ. ಅಲ್ಲಿಂದಾಚೆಗೆ ಅದು ಜಗಳ.

ಈ ನಿಯಮದ ಮುಂದೆ ನಾನು ಬೆರಗಾಗುತ್ತೇನೆ. ಹಾಸ್ಯ ಎಲ್ಲಿ ನಿಂತು ಅವಮಾನ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಹತ್ತು ಹನ್ನೆರಡು ವರ್ಷದ ಹುಡುಗರು ಬೀದಿಯಲ್ಲಿ ಆಡುತ್ತಾಡುತ್ತಾ ಕಲಿತಿದ್ದರು, ಪರಸ್ಪರ ಕಲಿಸಿದ್ದರು. ಇದರ ಜೊತೆಗೆ 'ಸಿಗ್ನಿಫೈಯಿಂಗ್' ಎಂಬ ಇನ್ನೊಂದು ಕಲೆಯೂ ಅಲ್ಲಿತ್ತು. ನೇರವಾಗಿ ಹೇಳದೆ, ಸುತ್ತಿ ಬಳಸಿ, ಕೇಳುವವನ ಜಾಣತನದ ಮೇಲೆ ಭಾರ ಹಾಕಿ ಚುಚ್ಚುವ ಕಲೆ. ಕ್ಲಾಡಿಯಾ ಮಿಚೆಲ್-ಕೆರ್ನನ್ ಎಂಬ ಮಾನವಶಾಸ್ತ್ರಜ್ಞೆ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಇದನ್ನು ಅಧ್ಯಯನ ಮಾಡಿದರು. ಸಾಹಿತ್ಯ ವಿಮರ್ಶಕ ಹೆನ್ರಿ ಲೂಯಿಸ್ ಗೇಟ್ಸ್ 1988ರಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು ಕಪ್ಪು ಸಾಹಿತ್ಯದ ಒಂದು ವಿಮರ್ಶಾ ಸಿದ್ಧಾಂತವನ್ನೇ ಕಟ್ಟಿದರು. 'ಬ್ಯಾಡ್' ಅಂದರೆ ಭಲೇ ಒಳ್ಳೆಯದು, 'ಇಲ್' ಅಂದರೆ ಅದ್ಭುತ, 'ಡೋಪ್' ಅಂದರೆ ಸೊಗಸು ಎಂದು ತಲೆಕೆಳಗು ಮಾಡುವುದೂ ಇದೇ ಮನೆತನದ್ದು. ಒಡೆಯನ ಭಾಷೆಯನ್ನೇ ಆಡಬೇಕಾಗಿ ಬಂದ ಜನ ಅದರ ಬೈಗುಳವನ್ನು ಹೊಗಳಿಕೆ ಮಾಡಿಕೊಂಡು ತಮಗಾಗಿ ಒಂದು ಕೋಣೆ ಮಾಡಿಕೊಂಡರು.

ಹೊರಗಿನವರಿಗೆ ಈ ಮಾತಿನ ಮೇಲಿನ ಮೋಹವೂ ಹೊಸದಲ್ಲ. ಹಾರ್ಲೆಮ್‌ನ ಕಾಟನ್ ಕ್ಲಬ್‌ನಲ್ಲಿ ಹಾಡಿ ಹೆಸರಾದ ಕ್ಯಾಬ್ ಕ್ಯಾಲೊವೆ 1938ರಲ್ಲೇ ಜಾಝ್ ಮಂದಿಯ ಮಾತಿಗೆ ಒಂದು ಪುಟ್ಟ ನಿಘಂಟು ಹೊರತಂದಿದ್ದರು. ಕಾದಂಬರಿಗಾರ್ತಿ ಜೋರಾ ನೀಲ್ ಹರ್ಸ್ಟನ್ 1942ರಲ್ಲಿ ಪೂರ್ತಿ ಹಾರ್ಲೆಮ್ ಬೀದಿಮಾತಿನಲ್ಲೇ ಒಂದು ಕಥೆ ಬರೆದು, ಕೊನೆಗೆ ಪದಕೋಶ ಜೋಡಿಸಿದ್ದರು. ಇಬ್ಬರೂ ನಗಿಸಿದರು. ಯಾರನ್ನು ಹೇಗೆ ನಗಿಸಬೇಕೆಂಬ ಲಗಾಮು ಅವರ ಕೈಯಲ್ಲೇ ಇತ್ತು.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದಲ್ಲಿ, ಜಮೈಕಾದಿಂದ ಬಂದ ಕುಟುಂಬದ ಹುಡುಗ ಡಿಜೆ ಕೂಲ್ ಹರ್ಕ್ ತನ್ನ ತಂಗಿ ಏರ್ಪಡಿಸಿದ್ದ ಪಾರ್ಟಿಯಲ್ಲಿ ರೆಕಾರ್ಡು ತಿರುಗಿಸಿದ. ಹಿಪ್‌ಹಾಪ್ ಹುಟ್ಟಿದ್ದು ಅಂದೇ ಎಂದು ಹಲವರು ಎಣಿಸುತ್ತಾರೆ. ಡಜನ್ಸ್ ಆಟದ ನೆತ್ತರು ಈ ಹೊಸ ಕಲೆಯಲ್ಲೂ ಹರಿಯಿತು. 1981ರ ಕೊನೆಯಲ್ಲಿ ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್‌ನಲ್ಲಿ, ಸಭಿಕರನ್ನು ಕುಣಿಸಿ ನಗಿಸುವುದರಲ್ಲಿ ನಿಸ್ಸೀಮನಾದ ಬಿಜಿ ಬೀ ಎಂಬವನನ್ನು ಕೂಲ್ ಮೋ ಡೀ ಎಂಬ ರ‍್ಯಾಪರ್ ಪದ್ಯದಲ್ಲೇ ಬೆತ್ತಲೆ ಮಾಡಿ ನಿಲ್ಲಿಸಿದ. ಮುಂದಿನ ರ‍್ಯಾಪ್ ಕಾಳಗಗಳಿಗೆಲ್ಲ ಅದೇ ಮಾದರಿ. ಆಮೇಲೆ ಬಂದ ಬಿಜ್ ಮಾರ್ಕಿಯನ್ನು ಹಿಪ್‌ಹಾಪ್‌ನ ವಿದೂಷಕ ರಾಜಕುಮಾರ ಎಂದೇ ಜನ ಕರೆದರು. ಗನ್ನು, ಚಿನ್ನದ ಸರ, ಸಿಟ್ಟು ಇಷ್ಟೇ ಹಿಪ್‌ಹಾಪ್ ಎಂದುಕೊಂಡವರು ಈ ನಗುವಿನ ಧಾರೆಯನ್ನು ಕಂಡೇ ಇಲ್ಲ.

ಕ್ಯಾಸೆಟ್ಟು, ಟಿ.ವಿ., ಜಾಹೀರಾತು ಕೂಡಿಕೊಂಡು ಈ ಮಾತನ್ನು ಎಲ್ಲರ ಮನೆಗೆ ತಂದವು. ನ್ಯೂ ಆರ್ಲಿಯನ್ಸ್‌ನ ಬಿ.ಜಿ. ಎಂಬ ರ‍್ಯಾಪರ್ 1999ರಲ್ಲಿ ಹಾಡು ಮಾಡಿ ಹರಡಿದ, ಥಳಥಳಿಸುವ ಒಡವೆ ಎಂಬ ಅರ್ಥದ 'ಬ್ಲಿಂಗ್' ಆಕ್ಸ್‌ಫರ್ಡ್ ನಿಘಂಟಿಗೇ ಹೋಗಿ ಕೂತಿತು. ಎಲ್‌ಎಲ್ ಕೂಲ್ ಜೆ 2000ದಲ್ಲಿ ತಂದ ಆಲ್ಬಮ್ಮಿನ ಹೆಸರಾದ 'ಗೋಟ್' ಈಗ ನಮ್ಮ ಕ್ರಿಕೆಟ್ ಅಭಿಮಾನಿಗಳ ಬಾಯಲ್ಲಿದೆ. ಸಾರ್ವಕಾಲಿಕ ಶ್ರೇಷ್ಠ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಅವು. ಮುಹಮ್ಮದ್ ಅಲಿಯ ಪತ್ನಿ 1992ರಲ್ಲೇ ಆ ಹೆಸರಿನಲ್ಲಿ ಕಂಪನಿ ನೋಂದಾಯಿಸಿದ್ದರು.

ಆದರೆ ತಮಾಷೆಯ ಬಳಕೆಗೆ ಅತಿ ಹೆಚ್ಚು ಒದಗಿದ್ದು ರ‍್ಯಾಪರ್ ಸ್ನೂಪ್ ಡಾಗ್ ಜನಪ್ರಿಯಗೊಳಿಸಿದ 'ಇಝಲ್' ಬಾಲಂಗೋಚಿ. ಪದದ ಮೊದಲ ವ್ಯಂಜನ ಉಳಿಸಿಕೊಂಡು, ಉಳಿದದ್ದನ್ನು ಕತ್ತರಿಸಿ, 'ಇಝಲ್' ಅಂಟಿಸುವುದು. 'ಶ್ಯೂರ್' ಹೋಗಿ 'ಶಿಝಲ್' ಆಗುತ್ತದೆ. ನಮ್ಮ ಮಕ್ಕಳು ಅಕ್ಷರ ಅಕ್ಷರಕ್ಕೂ 'ಕ' ಸೇರಿಸಿ ದೊಡ್ಡವರಿಗೆ ತಿಳಿಯದಂತೆ ಮಾತಾಡುತ್ತಾರಲ್ಲ, ಅದೇ ಬಗೆಯ ಆಟ. ಫಿಲಡೆಲ್ಫಿಯಾದ ಫ್ರ್ಯಾಂಕಿ ಸ್ಮಿತ್ 1981ರಷ್ಟು ಹಿಂದೆಯೇ ಹಾಡೊಂದರಲ್ಲಿ ಇದರ ಅಣ್ಣನಂಥ ಇನ್ನೊಂದು ಆಟ ಆಡಿದ್ದರು. 2005ರಲ್ಲಿ ಕ್ರೈಸ್ಲರ್ ಕಾರಿನ ಜಾಹೀರಾತಿನಲ್ಲಿ ಸ್ನೂಪ್ ಡಾಗ್ ಮತ್ತು ಆ ಕಂಪನಿಯ ಹಳೆಯ ಮುಖ್ಯಸ್ಥ ಲೀ ಐಯಕೋಕಾ ಗಾಲ್ಫ್ ಮೈದಾನದಲ್ಲಿ ಜೊತೆಯಾದರು. ರ‍್ಯಾಪರ್ ಇಝಲ್ ಮಾತಾಡುತ್ತಾನೆ, ಎಂಬತ್ತು ದಾಟಿದ ಬಿಳಿಯ ಉದ್ಯಮಿ ಏನೂ ತಿಳಿಯಲಿಲ್ಲ ಎನ್ನುತ್ತಾನೆ. ಅದು ಸೊಗಸಾದ ನಗು, ಇಬ್ಬರಿಗೂ ಸಮಪಾಲು.

ಆ ಹೊತ್ತಿಗೆ ಆಫೀಸುಗಳಲ್ಲಿ, ಶಾಲೆಗಳಲ್ಲಿ, ಮದುವೆ ಪಾರ್ಟಿಗಳಲ್ಲಿ ಬಿಳಿಯರು 'ಫೋ ಶಿಝಲ್ ಮೈ ನಿಝಲ್' ಎಂದು ಕೂಗಿ ನಗುವುದು ಸಾಮಾನ್ಯವಾಗಿತ್ತು. ಅದರಲ್ಲಿನ ಕೊನೆಯ ಪದ ಯಾವುದರ ವೇಷವೆಂದು ಬಹಳ ಮಂದಿಗೆ ಗೊತ್ತಿರಲಿಲ್ಲ. ಗುಲಾಮರನ್ನು ಹರಾಜು ಹಾಕುವಾಗ, ಕಪ್ಪು ಜನರನ್ನು ಮರಕ್ಕೆ ನೇತುಹಾಕುವಾಗ ಬಿಳಿಯರು ಬಳಸುತ್ತಿದ್ದ ಆ ಹೀನ ಪದವೇ ಅದು. ತಮ್ಮೊಳಗೆ, ತಮ್ಮ ಹಕ್ಕಿನಿಂದ, ತಿರುವಿ ಮುರುವಿ 'ಗೆಳೆಯ' ಎಂಬ ಅರ್ಥಕ್ಕೆ ತಂದುಕೊಂಡವರು ಕಪ್ಪು ಜನ. ಹೊರಗಿನವರ ಬಾಯಿಗೆ ಬಂದಾಗ ಅದರ ಹಳೆಯ ಅರ್ಥವೇ ಎದ್ದು ನಿಲ್ಲುತ್ತದೆ. ಕನ್ನಡದ ಹುಡುಗರು ರ‍್ಯಾಪ್ ಹಾಡಿಗೆ ದನಿಗೂಡಿಸುವಾಗ ಆ ಪದವನ್ನೂ ಸಲೀಸಾಗಿ ಹಾಡುತ್ತಾರೆ. ಹಾಡಬಾರದು. ನಮ್ಮಲ್ಲಿ ಜಾತಿ ಹೆಸರು ಹಿಡಿದು ಬೈಯುವ ಮಾತುಗಳು ಯಾರ ಬಾಯಲ್ಲಿ ಹೇಗೆ ಕೇಳಿಸುತ್ತವೆ ಎಂದು ಬಲ್ಲ ಯಾರಿಗೂ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹೊರಗಿನವರಿಗೆ ಈ ಮಾತಿನಿಂದ ನಗಿಸುವ ದಾರಿಯೇ ಇಲ್ಲವೇ? ಧಾರಾಳವಾಗಿ ಇದೆ. 1999ರ 'ಆಫೀಸ್ ಸ್ಪೇಸ್' ಚಿತ್ರದ ಶುರುವಿನಲ್ಲಿ ಒಬ್ಬ ಬಿಳಿಯ ಸಾಫ್ಟ್‌ವೇರ್ ನೌಕರ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಕಾರಿನೊಳಗೆ ಗ್ಯಾಂಗ್‌ಸ್ಟಾ ರ‍್ಯಾಪ್ ಜೋರಾಗಿ ಹಾಕಿಕೊಂಡು, ಪದ ತಪ್ಪದೆ ರೋಷದಿಂದ ಹಾಡುತ್ತಿರುತ್ತಾನೆ. ಹೂ ಮಾರುವ ಕಪ್ಪು ಮನುಷ್ಯನೊಬ್ಬ ಹತ್ತಿರ ಬರುತ್ತಿದ್ದಂತೆ ದನಿ ತಗ್ಗಿಸಿ ಮೆಲ್ಲಗೆ ಬಾಗಿಲ ಲಾಕ್ ಒತ್ತುತ್ತಾನೆ. ಆತ ದಾಟಿ ಹೋದ ಮೇಲೆ ಮತ್ತೆ ಹಾಡು ಜೋರು. ಮಾತು ಬೇಕು, ಮಾತಾಡುವ ಮನುಷ್ಯ ಬೇಡ ಎಂಬ ಮನಸ್ಸನ್ನು ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಚೆನ್ನಾಗಿ ತೋರಿಸಿದ ದೃಶ್ಯ ನಾನು ಕಂಡಿಲ್ಲ. 2005ರ ಡಿಸೆಂಬರಿನಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಕಾರ್ಯಕ್ರಮದಲ್ಲಿ ಬಂದ 'ಲೇಜಿ ಸಂಡೇ'ಯಲ್ಲಿ ಇಬ್ಬರು ಬಿಳಿಯ ಹುಡುಗರು ಕಪ್‌ಕೇಕ್ ತಿಂದು ಮಕ್ಕಳ ಸಿನಿಮಾಕ್ಕೆ ಹೋಗುವುದನ್ನು ಯುದ್ಧಕ್ಕೆ ಹೊರಟವರ ಗತ್ತಿನಲ್ಲಿ ರ‍್ಯಾಪ್ ಮಾಡಿದರು. ಮರುವರ್ಷ 'ವಿಯರ್ಡ್ ಆಲ್' ಯಾಂಕೊವಿಕ್ ಎಂಬ ವಿಡಂಬನ ಗಾಯಕ ಚಮಿಲಿಯನೇರ್‌ನ ಹಾಡನ್ನು ತಿರುಗಿಸಿ, ಪುಸ್ತಕದ ಹುಳುವೊಬ್ಬ ತನ್ನ ನೀರಸ ಹವ್ಯಾಸಗಳ ಬಗ್ಗೆ ಬಡಾಯಿ ಕೊಚ್ಚುವಂತೆ ಮಾಡಿದರು. ಮೂಲ ರ‍್ಯಾಪರನೇ ಅದನ್ನು ಮೆಚ್ಚಿದ. ಈ ಎರಡೂ ಹಾಡುಗಳಲ್ಲಿ ಪ್ರಾಸ, ಉಸಿರು, ಲಯ ಎಲ್ಲ ಪಕ್ಕಾ. ಕಸುಬನ್ನು ಗೌರವದಿಂದ ಕಲಿತಿದ್ದಾರೆ, ನಗೆಗೆ ತಮ್ಮನ್ನೇ ಒಡ್ಡಿಕೊಂಡಿದ್ದಾರೆ.

ಇದಕ್ಕೆ ಎದುರಾದ ಇನ್ನೊಂದು ಬಗೆಯ ನಗುವನ್ನೂ ನೋಡಬೇಕು. 1996ರ ಡಿಸೆಂಬರ್ 18ರಂದು ಓಕ್‌ಲ್ಯಾಂಡ್‌ನ ಶಾಲಾ ಮಂಡಳಿ, ತನ್ನ ಕಪ್ಪು ವಿದ್ಯಾರ್ಥಿಗಳ ಮನೆಮಾತಿಗೆ ಅದರದೇ ವ್ಯಾಕರಣವಿದೆ, ಶಿಷ್ಟ ಇಂಗ್ಲಿಷ್ ಕಲಿಸಲು ಅದನ್ನು ಮೆಟ್ಟಿಲಾಗಿ ಬಳಸೋಣ ಎಂಬ ಅರ್ಥದ ನಿರ್ಣಯ ಮಾಡಿತು. 'ಎಬೊನಿಕ್ಸ್' ಎಂಬ ಹೆಸರು ಎಲ್ಲ ಪತ್ರಿಕೆಗಳಲ್ಲಿ ಬಂತು. ಮುಂದಿನ ತಿಂಗಳೇ ಅಮೆರಿಕದ ಭಾಷಾವಿಜ್ಞಾನಿಗಳ ಸಂಘ, ಈ ಮಾತು ನಿಯಮಬದ್ಧವಾದದ್ದು ಎಂದು ಗೊತ್ತುವಳಿ ಮಾಡಿ ಮಂಡಳಿಯ ಬೆನ್ನಿಗೆ ನಿಂತಿತು. ಅದನ್ನು ಕೇಳುವ ತಾಳ್ಮೆ ಯಾರಿಗಿತ್ತು? ಆಗತಾನೇ ಹರಡುತ್ತಿದ್ದ ಇಂಟರ್ನೆಟ್ಟಿನ ತುಂಬ ನಕಲಿ ಎಬೊನಿಕ್ಸ್ ನಿಘಂಟುಗಳು, ಅಣಕು ಪ್ರಾರ್ಥನೆಗಳು, ಅಣಕು ಪಾಠಗಳು ಬಂದವು. ಮ್ಯಾಗಿ ರಾಂಕಿನ್ ಮತ್ತು ಹೆಲೆನ್ ಕಾರ್ನ್ ಎಂಬ ಸಂಶೋಧಕಿಯರು 1999ರಲ್ಲಿ ಇವುಗಳನ್ನು ಅಧ್ಯಯನ ಮಾಡಿ ಬರೆದರು. ಅಣಕದ ತಂತ್ರ ಸರಳ: ಸಿಕ್ಕಸಿಕ್ಕಲ್ಲಿ 'ಬಿ' ಎಂಬ ಕ್ರಿಯಾಪದ ತುರುಕು, ಬೈಗುಳ ಸೇರಿಸು, ಆಡುವವನು ದಡ್ಡ ಎಂಬ ಭಾವನೆ ತಾನಾಗಿ ಬರುತ್ತದೆ.

ಆ 'ಬಿ' ಇದೆಯಲ್ಲ, ಕನ್ನಡಿಗರಿಗೆ ಅದನ್ನು ವಿವರಿಸುವುದು ಇಂಗ್ಲಿಷ್ ಪಂಡಿತರಿಗೆ ವಿವರಿಸುವುದಕ್ಕಿಂತ ಸುಲಭ. 'ಅವನು ಕೆಲಸ ಮಾಡುತ್ತಿದ್ದಾನೆ' ಎಂದರೆ ಈಗ, ಈ ಹೊತ್ತಿನಲ್ಲಿ. 'ಅವನು ಕೆಲಸ ಮಾಡುತ್ತಿರುತ್ತಾನೆ' ಎಂದರೆ ರೂಢಿಯಾಗಿ, ಸಾಮಾನ್ಯವಾಗಿ. ಕಪ್ಪು ಅಮೆರಿಕನ್ನರ ಇಂಗ್ಲಿಷಿನಲ್ಲಿ 'ಹೀ ವರ್ಕಿಂಗ್' ಎಂಬುದು ಮೊದಲನೆಯದು, 'ಹೀ ಬಿ ವರ್ಕಿಂಗ್' ಎಂಬುದು ಎರಡನೆಯದು. ಜಾನಿಸ್ ಜಾಕ್ಸನ್ ಎಂಬ ಸಂಶೋಧಕಿ ಮಕ್ಕಳಿಗೆ ಒಂದು ಚಿತ್ರ ತೋರಿಸಿದರು. 'ಸೆಸಮಿ ಸ್ಟ್ರೀಟ್' ಬೊಂಬೆಗಳಲ್ಲಿ ಬಿಸ್ಕತ್ತುಬಾಕನೆಂದೇ ಹೆಸರಾದ ಕುಕಿ ಮಾನ್‌ಸ್ಟರ್ ಜ್ವರ ಬಂದು ಮಲಗಿದೆ, ಅದರ ಗೆಳೆಯ ಎಲ್ಮೊ ಬಿಸ್ಕತ್ತು ತಿನ್ನುತ್ತಿದೆ. 'ಹೂ ಬಿ ಈಟಿಂಗ್ ಕುಕೀಸ್?' ಎಂದು ಕೇಳಿದಾಗ ಬಿಳಿಯ ಮಕ್ಕಳು ಎಲ್ಮೊ ಕಡೆ ಬೆರಳು ತೋರಿಸಿದರು, ಕಪ್ಪು ಮಕ್ಕಳು ಕುಕಿ ಮಾನ್‌ಸ್ಟರನ್ನು. ಬಿಸ್ಕತ್ತು ತಿನ್ನುತ್ತಿರುವವರು ಯಾರು ಎಂಬ ಪ್ರಶ್ನೆಗೂ ತಿನ್ನುತ್ತಿರುವ ರೂಢಿ ಯಾರದು ಎಂಬ ಪ್ರಶ್ನೆಗೂ ವ್ಯತ್ಯಾಸ ಆ ಪುಟ್ಟ ಮಕ್ಕಳಿಗೆ ಗೊತ್ತಿತ್ತು. ಅಣಕಿಸಿದ ದೊಡ್ಡವರಿಗೆ ಗೊತ್ತಿರಲಿಲ್ಲ. ತಾವು ಕಲಿಯದ ವ್ಯಾಕರಣವನ್ನು ತಪ್ಪುತಪ್ಪಾಗಿ ಆಡಿ, ಆ ತಪ್ಪನ್ನು ಇನ್ನೊಬ್ಬರ ದಡ್ಡತನವೆಂದು ತೋರಿಸಿ ನಕ್ಕಿದ್ದರು. ಡಜನ್ಸ್ ಆಡುವ ಹುಡುಗರ ಮಟ್ಟಕ್ಕೂ ಬಾರದ ಹಾಸ್ಯ ಅದು.

ಬೀದಿಪದಗಳು ಬರುತ್ತವೆ, ಹೋಗುತ್ತವೆ. ಈ ವ್ಯಾಕರಣ ಉಳಿಯುತ್ತದೆ. ಹಿಪ್‌ಹಾಪ್ ಪದಗಳನ್ನು ಖುಷಿಯಿಂದ ಎತ್ತಿಕೊಂಡ ಜಗತ್ತು ಅದರ ಹಿಂದಿನ ಇಡೀ ಮಾತನ್ನು, ಅದನ್ನಾಡುವ ಜನರನ್ನು ಹೇಗೆ ನಡೆಸಿಕೊಂಡಿದೆ? ಜಾನ್ ಬಾ ಎಂಬ ಕಪ್ಪು ಭಾಷಾವಿಜ್ಞಾನಿಗೆ ಬಾಡಿಗೆ ಮನೆ ಹುಡುಕುವಾಗ ಫೋನಿನಲ್ಲಿ 'ಬನ್ನಿ' ಎಂದವರು ಮುಖ ಕಂಡ ಮೇಲೆ 'ಇಲ್ಲ' ಎಂದ ಅನುಭವವಾಗಿತ್ತು. ಅವರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಮನೆಮಾಲೀಕರಿಗೆ ಮೂರು ಬಗೆಯ ಮಾತಿನಲ್ಲಿ ಫೋನು ಮಾಡಿ ನೋಡಿದರು. ಬಿಳಿಯರೇ ಹೆಚ್ಚಿರುವ ಪಾಲೊ ಆಲ್ಟೊ, ವುಡ್‌ಸೈಡ್‌ನಂಥ ಕಡೆಗಳಲ್ಲಿ ಕಪ್ಪು ಜನರ ಧಾಟಿಗೆ ಮನೆ ತೋರಿಸಲು ಒಪ್ಪಿದವರು ಕಡಿಮೆ. 1999ರಲ್ಲಿ ಇದು ಪ್ರಕಟವಾಯಿತು. 'ಹಲೋ' ಎಂಬ ಒಂದೇ ಪದ ಕೇಳಿ ಕೂಡ ಮಾತಾಡುವವರ ಬಗೆಯನ್ನು ಜನ ಹತ್ತರಲ್ಲಿ ಏಳು ಸಲಕ್ಕಿಂತ ಹೆಚ್ಚು ಸರಿಯಾಗಿ ಗುರುತಿಸುತ್ತಾರೆ ಎಂದೂ ಅದೇ ಅಧ್ಯಯನ ತೋರಿಸಿತು. 2019ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಫಿಲಡೆಲ್ಫಿಯಾದ ನ್ಯಾಯಾಲಯಗಳ 27 ಶೀಘ್ರಲಿಪಿಕಾರರನ್ನು ಪರೀಕ್ಷಿಸಿತು. ಈ ಕೆಲಸಕ್ಕೆ ಶೇ 95ರಷ್ಟು ನಿಖರತೆ ಬೇಕು. ಕಪ್ಪು ಜನರ ಆಡುಮಾತನ್ನು ಕೇಳಿಸಿದಾಗ ಅವರು ತಪ್ಪಿಲ್ಲದೆ ಬರೆದುಕೊಂಡ ವಾಕ್ಯಗಳು ಸುಮಾರು ಶೇ 60 ಮಾತ್ರ. ಆ ಬರಹವೇ ಕೋರ್ಟಿನ ದಾಖಲೆ, ಅದರ ಮೇಲೆಯೇ ಜೈಲು, ಬಿಡುಗಡೆ.

'ಡಾಗ್' ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ಗೆಳೆಯ, ಮಾರಾಯ, ಗುರು ಎಂಬ ಅರ್ಥದಲ್ಲಿ ಮಾತಿನ ಕೊನೆಗೆ ಬಂದು ಕೂರುವ ಪದ. ನಮ್ಮ ಹುಡುಗರೂ ಆಪ್ತ ಗೆಳೆಯನನ್ನು 'ಲೇ ನಾಯಿ' ಎನ್ನುವುದಿಲ್ಲವೇ? 2002ರಲ್ಲಿ ಶುರುವಾದ 'ಅಮೆರಿಕನ್ ಐಡಲ್' ಸ್ಪರ್ಧೆಯಲ್ಲಿ ತೀರ್ಪುಗಾರ ರ‍್ಯಾಂಡಿ ಜಾಕ್ಸನ್ ಎಲ್ಲ ಸ್ಪರ್ಧಿಗಳನ್ನೂ 'ಡಾಗ್' ಎಂದು ಕರೆದರು, ಕೋಟ್ಯಂತರ ಜನ ಅದನ್ನು ನಗುನಗುತ್ತಾ ಅನುಕರಿಸಿದರು. ಅದೇ ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ, ಗಂಭೀರ ಆರೋಪ ಹೊತ್ತ ಒಬ್ಬ ಕಪ್ಪು ಯುವಕ ಪೊಲೀಸರ ವಿಚಾರಣೆಯಲ್ಲಿ, ನಾನೇ ಮಾಡಿದ್ದು ಅಂತ ನಿಮಗನ್ನಿಸಿದರೆ ನನಗೊಬ್ಬ ಲಾಯರ್ ಕೊಡಿ, ಡಾಗ್ ಎಂಬ ಅರ್ಥದ ಮಾತಾಡಿದ. ವಕೀಲರನ್ನು ಕೇಳಿದ ಮೇಲೆ ವಿಚಾರಣೆ ನಿಲ್ಲಬೇಕು ಎಂಬುದು ಕಾನೂನು. ನಿಲ್ಲಲಿಲ್ಲ. 2017ರ ಅಕ್ಟೋಬರಿನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಅವನ ಮನವಿಯನ್ನು ತಳ್ಳಿಹಾಕಿತು. ಒಬ್ಬ ನ್ಯಾಯಮೂರ್ತಿ ಪ್ರತ್ಯೇಕವಾಗಿ ಬರೆದ ಟಿಪ್ಪಣಿಯಲ್ಲಿ, ಆತ 'ಲಾಯರ್ ಡಾಗ್' ಕೇಳಿದ್ದು ಅಸ್ಪಷ್ಟವಾಗಿದೆ, ಆದ್ದರಿಂದ ಅದು ವಕೀಲರನ್ನು ಕೇಳಿದಂತಾಗುವುದಿಲ್ಲ ಎಂಬ ನಿಲುವು ತಾಳಿದರು. ಮಾತಿನ ಆರಂಭದಲ್ಲಿದ್ದ 'ಅನ್ನಿಸಿದರೆ' ಎಂಬ ಷರತ್ತೂ ಕಾನೂನಿನ ಕಣ್ಣಿಗೆ ತೊಡಕೇ, ಅದನ್ನು ಮರೆಮಾಚಬೇಕಿಲ್ಲ. ಆದರೆ ಟಿ.ವಿ. ಮುಂದೆ ಕೂತ ಅಜ್ಜಿಗೂ ಅರ್ಥವಾಗಿದ್ದ ಪದ ನ್ಯಾಯಾಲಯಕ್ಕೆ ಅರ್ಥವಾಗಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಬರಾಕ್ ಒಬಾಮ 2009ರ ಜನವರಿಯಲ್ಲಿ, ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಳ್ಳುವ ಮುನ್ನ, ವಾಷಿಂಗ್ಟನ್ನಿನ ಬೆನ್ಸ್ ಚಿಲಿ ಬೌಲ್ ಎಂಬ ಹಳೆಯ ಹೋಟೆಲಿಗೆ ಹೋಗಿದ್ದರು. ಚಿಲ್ಲರೆ ಬೇಕೇ ಎಂದು ಗಲ್ಲಾದಲ್ಲಿದ್ದವರು ಕೇಳಿದಾಗ 'ನಾ, ವೀ ಸ್ಟ್ರೇಟ್' ಎಂದರು, 'ಬೇಡ ಬಿಡಪ್ಪ, ಆಯ್ತು' ಎನ್ನುವ ಹಾಗೆ. ಭಾಷಾವಿಜ್ಞಾನಿಗಳಾದ ಎಚ್. ಸಾಮಿ ಆಲಿಂ ಮತ್ತು ಜಿನೀವಾ ಸ್ಮಿದರ್‌ಮನ್ ಈ ಮಾತಿನಿಂದಲೇ ತಮ್ಮ 2012ರ ಪುಸ್ತಕ ಶುರು ಮಾಡುತ್ತಾರೆ. ಒಬಾಮ ಯಾರನ್ನೂ ನಗಿಸಲು ಹೊರಟಿರಲಿಲ್ಲ. ಎದುರಿಗಿದ್ದವರು ತನ್ನವರೆಂದು ಸಹಜವಾಗಿ ಅವರ ಮಾತಾಡಿದರು. ಎರವಲು ಪಡೆದವರ ಕೈಯಲ್ಲಿ ಅತಿಯಾಗಿ, ಉಬ್ಬಿ, ಕೂಗಿ ಬರುವ ಮಾತು ಹುಟ್ಟಿದ ಮನೆಯಲ್ಲಿ ಎಷ್ಟು ಮೆಲುವಾಗಿರುತ್ತದೆ ನೋಡಿ.

ಕನ್ನಡದ ಓದುಗರಿಗೆ ಈ ನೋವು ಹೊರಗಿನದಲ್ಲ. ಧಾರವಾಡ, ಕಲಬುರಗಿ ಕಡೆಯ ಕನ್ನಡವನ್ನು ನಮ್ಮ ಸಿನಿಮಾಗಳು ಬಹುಕಾಲ ನಾಯಕನ ಬಾಯಿಗೆ ಕೊಡದೆ ಹಾಸ್ಯಪಾತ್ರಕ್ಕೆ ಮೀಸಲಿಟ್ಟವು. ಮಂಗಳೂರಿನವರ ಪುಸ್ತಕದಂಥ ಕನ್ನಡ ಮಿಮಿಕ್ರಿಯವರ ಸುಲಭದ ಸರಕಾಯಿತು. ಬೆಂಗಳೂರಿನ ಹಾಸ್ಟೆಲಿನಲ್ಲಿ 'ಬಾಳ ಚಲೋ ಐತಿ' ಎಂದು ಗೆಳೆಯರಿಂದ ಅಣಕಿಸಿಕೊಂಡ ವಿಜಯಪುರದ ಹುಡುಗನಿಗೆ ಓಕ್‌ಲ್ಯಾಂಡ್‌ನ ಮಕ್ಕಳ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಎರವಲು ಭಾಷೆಯಿಂದ ನಗಿಸುವ ಒಳ್ಳೆಯ ಮಾದರಿಯೂ ನಮ್ಮಲ್ಲೇ ಇದೆ. ಟಿ.ಪಿ. ಕೈಲಾಸಂ ತಮ್ಮ ನಾಟಕಗಳಲ್ಲಿ ಇಂಗ್ಲಿಷ್ ಬೆರೆತ ಕನ್ನಡವನ್ನು ಎಷ್ಟು ಮಜವಾಗಿ ಆಡಿಸಿದರು! ಅಲ್ಲಿ ನಗೆಗೀಡಾದದ್ದು ಆ ಮಾತಾಡುತ್ತಿದ್ದ, ಕೈಲಾಸಂ ತಾವೂ ಸೇರಿದ್ದ, ಓದಿದ ಮಧ್ಯಮವರ್ಗ.

ವಿಲಿಯಂ ಮೆಲ್ವಿನ್ ಕೆಲ್ಲಿ ಎಂಬ ಕಪ್ಪು ಲೇಖಕ 1962ರ ಮೇ ತಿಂಗಳಲ್ಲಿ 'ನ್ಯೂಯಾರ್ಕ್ ಟೈಮ್ಸ್'ಗೆ ಬರೆದ ಲೇಖನದಲ್ಲಿ ಗುರುತಿಸಿದ್ದ ಒಂದು ಮಾತು ಇಂದಿಗೂ ಸರಿ. ಕಪ್ಪು ಜನರ ಪದವನ್ನು ಬಿಳಿಯರು ಎತ್ತಿಕೊಳ್ಳುವಷ್ಟರಲ್ಲಿ ಮೂಲದವರು ಅದನ್ನು ಬಿಟ್ಟು ಹೊಸದು ಕಟ್ಟಿಕೊಂಡಿರುತ್ತಾರೆ. ಆ ಲೇಖನದ ಶೀರ್ಷಿಕೆಯಲ್ಲೇ ಇದ್ದ, ಎಚ್ಚೆತ್ತ ಎಂಬ ಅರ್ಥದ 'ವೋಕ್' ಎಂಬ ಪದದ ಗತಿ ನೋಡಿ, ಅದು ಇಂದು ರಾಜಕಾರಣಿಗಳ ಬೈಗುಳ. ಅಂದು ಈ ಪಯಣಕ್ಕೆ ವರ್ಷಗಳು ಹಿಡಿಯುತ್ತಿದ್ದವು, ಈಗ ವಾರಗಳು ಸಾಕು. 2014ರಲ್ಲಿ ಹದಿಹರೆಯದ ಒಬ್ಬ ಕಪ್ಪು ಹುಡುಗಿ ತನ್ನ ತೀಡಿದ ಹುಬ್ಬನ್ನು ಹೊಗಳಿಕೊಂಡು ಕೆಲವೇ ಸೆಕೆಂಡುಗಳ ವಿಡಿಯೊದಲ್ಲಿ 'ಆನ್ ಫ್ಲೀಕ್' ಎಂದಳು. ಅದೇ ವರ್ಷ ಉಪಾಹಾರದ ಹೋಟೆಲುಗಳ ದೊಡ್ಡ ಸರಪಳಿಯೊಂದು ತನ್ನ ಪ್ಯಾನ್‌ಕೇಕ್‌ಗೆ ಅದೇ ಪದ ಹಚ್ಚಿತು. ಪದ ಕಟ್ಟಿದ ಹುಡುಗಿಗೆ ಅದರಿಂದ ಏನೂ ಸಿಗಲಿಲ್ಲ. ಪದಕ್ಕೆ ಹಕ್ಕುಸ್ವಾಮ್ಯ ಇರುವುದಿಲ್ಲ, ನಿಜ. ಯಾರದೆಂದು ಹೇಳುವುದಕ್ಕೆ ಖರ್ಚೂ ಇಲ್ಲ. ಕಪ್ಪು ಅಮೆರಿಕನ್ನರ ಇಂಗ್ಲಿಷಿಗೇ ಮೀಸಲಾದ ಒಂದು ನಿಘಂಟನ್ನು ಹೆನ್ರಿ ಲೂಯಿಸ್ ಗೇಟ್ಸ್ ಅವರ ಸಂಪಾದಕತ್ವದಲ್ಲಿ ತರುವುದಾಗಿ ಆಕ್ಸ್‌ಫರ್ಡ್ 2022ರಲ್ಲಿ ಪ್ರಕಟಿಸಿತು. ಕ್ಯಾಲೊವೆಯ ಪುಟ್ಟ ಪುಸ್ತಕದಿಂದ ಇಲ್ಲಿಯವರೆಗೆ 84 ವರ್ಷ ಹಿಡಿಯಿತು.

ನಮ್ಮ ಊರಿನ ಹಿಪ್‌ಹಾಪ್ ಈ ಸಾಲವನ್ನು ಹೇಗೆ ನಿಭಾಯಿಸುತ್ತಿದೆ ಎಂಬುದು ನನಗೆ ತುಂಬ ಕುತೂಹಲದ ವಿಷಯ. ಕೇರಳ ಮೂಲದ, ಹ್ಯೂಸ್ಟನ್‌ನಲ್ಲಿ ಬೆಳೆದು ಬೆಂಗಳೂರಿನಲ್ಲಿ ರ‍್ಯಾಪರ್ ಆದ ಸೂರಜ್ ಚೆರುಕಾಟ್, ಅಂದರೆ ಹನುಮಾನ್‌ಕೈಂಡ್, 2024ರಲ್ಲಿ 'ಬಿಗ್ ಡಾಗ್ಸ್' ಹಾಡಿನಿಂದ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯನ್ನೇ ಹತ್ತಿದ. ಹಾಡಿನ ಧಾಟಿ ಹ್ಯೂಸ್ಟನ್ನಿನದು, ಅವನು ಅಲ್ಲೇ ಬೆಳೆದು ದಕ್ಕಿಸಿಕೊಂಡದ್ದು. ವಿಡಿಯೊ ಮಾತ್ರ ನಮ್ಮ ಜಾತ್ರೆಗಳಲ್ಲಿ ಬೈಕು, ಕಾರು ಗೋಡೆಯ ಮೇಲೆ ಸುತ್ತುವ ಸಾವಿನ ಬಾವಿಯದು. ಬ್ರೋಧಾ ವಿ 2012ರಲ್ಲಿ 'ಆತ್ಮರಾಮ' ತಂದಾಗ ಇಂಗ್ಲಿಷ್ ರ‍್ಯಾಪಿನ ನಡುವೆ ರಾಮನ ಪ್ರಾರ್ಥನೆ ಬಂದು ಕೂತಿತ್ತು. ಚಂದನ್ ಶೆಟ್ಟಿ, ಆಲ್ ಓಕೆ ಕನ್ನಡದಲ್ಲೇ ಹಾಡಿ ಹಳ್ಳಿಹಳ್ಳಿಯ ಫೋನುಗಳಿಗೆ ತಲುಪಿದರು. ಇವರ ನಂತರ ಬರುತ್ತಿರುವ ಹುಡುಗ ಹುಡುಗಿಯರು 'ಯೋ', 'ಹೋಮಿ'ಗಳನ್ನು ಕಳಚಿ 'ಮಗಾ', 'ಗುರು', 'ಶಿಷ್ಯ' ಎನ್ನುತ್ತಾ, ತಮ್ಮ ಗಲ್ಲಿಯ ಬೈಗುಳವನ್ನೇ ಪ್ರಾಸಕ್ಕೆ ಕೂರಿಸುವಾಗ, ಹಾರ್ಲೆಮ್‌ನ ಹುಡುಗರಿಂದ ಪದ ತರುವುದಕ್ಕಿಂತ ದೊಡ್ಡದನ್ನು ತಂದಿದ್ದಾರೆ ಅನ್ನಿಸುತ್ತದೆ. ರಾಯಚೂರಿನ, ಕುಂದಾಪುರದ, ಚಾಮರಾಜನಗರದ ಮಾತಿನಲ್ಲಿ ಹಾಗೆ ಎದುರುಬದುರು ನಿಂತು, ಸುಳ್ಳೆಂದು ಎಲ್ಲರಿಗೂ ಗೊತ್ತಿರುವ ಬೈಗುಳ ಬೈದು ನಗಿಸುವ ಕನ್ನಡ ರ‍್ಯಾಪ್ ಇನ್ನಷ್ಟು ಬರಲಿ, ನಾನು ಮೊದಲ ಸಾಲಿನಲ್ಲೇ ಕೂತು ಕೇಳುತ್ತೇನೆ.